ಇಬ್ಬರ ಮಾತ್ರೆ, ಒಂದೇ ಡಬ್ಬಿ

ಕೋವಿಡ್‌ನ ಗದ್ದಲ ಅಡಗಿ ಎರಡು ಬೇಸಿಗೆ ಕಳೆದಿದ್ದವು. ನಾನಾಗ ಅರಸೀಕೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಟ್ರಯಲ್ ಫಾರ್ಮಸಿಸ್ಟ್ ಆಗಿದ್ದೆ. ಈ ಹುದ್ದೆಯ ಹೆಸರು ಹೇಳಿದರೆ ನಮ್ಮ ಬಾಣಾವರದ ನೆಂಟರು ಇವತ್ತಿಗೂ "ಅಂದ್ರೆ ಮೆಡಿಕಲ್ ಸ್ಟೋರಾ?" ಎಂದು ಕೇಳುತ್ತಾರೆ. ವಿವರಿಸಿ ವಿವರಿಸಿ ಸಾಕಾಗಿ ನಾನೂ "ಹೂಂ, ಅದೇ" ಅಂದುಬಿಡುತ್ತೇನೆ. ಆದರೆ ಅದಲ್ಲ. ಮೆಡಿಕಲ್ ಸ್ಟೋರಿನವರಿಗೆ ತಾವು ಕೊಡುತ್ತಿರುವುದು ಏನೆಂದು ಗೊತ್ತಿರುತ್ತದೆ. ನನಗೆ ಗೊತ್ತಿರುತ್ತಿರಲಿಲ್ಲ. ಗೊತ್ತಿರಬಾರದು ಎಂಬುದೇ ಆ ಕೆಲಸದ ಮೊದಲ ನಿಯಮ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಔಷಧ ನಿಜವಾಗಿಯೂ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು, ಒಪ್ಪಿಕೊಂಡು ಮುಂದೆ ಬಂದ ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಅದೇ ಬಣ್ಣ, ಅದೇ ಆಕಾರ, ಅದೇ ರುಚಿಯ ಬರಿಯ ಮಾತ್ರೆ. ಅದಕ್ಕೆ ಪ್ಲಸೀಬೊ ಎಂದು ಹೆಸರು. ಯಾರಿಗೆ ಯಾವುದು ಎಂಬುದನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆ. ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ಬಾಟಲಿ ಕೊಡುವ ನನಗೂ ಗೊತ್ತಿಲ್ಲ. ಬಾಟಲಿಯ ಮೇಲೆ ರೋಗಿಯ ನಂಬರ್ ಮಾತ್ರ ಇರುತ್ತದೆ. ಆ ಬಾಟಲಿಗಳಿದ್ದ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿ. ಡ್ಯೂಟಿ ಡಾಕ್ಟರೇ ಬಂದರೂ ಚಪ್ಪಲಿ ಹೊರಗೆ ಬಿಟ್ಟು, ನನ್ನನ್ನು ಕೇಳಿಯೇ ಒಳಗೆ ಬರಬೇಕು. ಆ ಕೋಣೆಯ ವಿಷಯದಲ್ಲಿ ನಾನು ಜಗಳಗಂಟಿ ಎಂದು ಇಡೀ ಆಸ್ಪತ್ರೆಗೆ ಗೊತ್ತಿತ್ತು, ನನಗೂ ಅದರಲ್ಲಿ ಒಂದಿಷ್ಟು ಜಂಬವಿತ್ತು.

ಆಗ ನಡೆಯುತ್ತಿದ್ದ ಟ್ರಯಲ್ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯದು. ಆ ಹೆಪ್ಪು ಅಲ್ಲೇ ಇದ್ದರೆ ಕಾಲು ಊದಿ ನೋಯುತ್ತದೆ. ಕಳಚಿಕೊಂಡು ಮೇಲೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಇದಕ್ಕೆ ರಕ್ತವನ್ನು ತೆಳುವಾಗಿಸುವ ಮಾತ್ರೆ ಕೊಡುತ್ತಾರೆ. ಮಾಮೂಲಿ ಚಿಕಿತ್ಸೆ ಮುಗಿದ ಮೇಲೆ ಮಾತ್ರೆ ನಿಲ್ಲಿಸಬಹುದೋ, ಇನ್ನೊಂದು ವರ್ಷ ಮುಂದುವರಿಸಬೇಕೋ ಎಂಬಲ್ಲಿ ವೈದ್ಯರಿಗೇ ಒಮ್ಮತವಿರಲಿಲ್ಲ. ಅದನ್ನು ತಿಳಿಯುವುದು ನಮ್ಮ ಟ್ರಯಲ್‌ನ ಉದ್ದೇಶ. ಬೇಲೂರಿನ ಡಾಕ್ಟರ್ ಪ್ರಸನ್ನ ಅದರ ಮುಖ್ಯಸ್ಥರು, ಮಾತ್ರೆಗಳ ಜವಾಬ್ದಾರಿ ನನ್ನದು.

ಗಂಡಸಿ ಕಡೆಯ ಒಂದು ಹಳ್ಳಿಯಿಂದ ದೇವೀರಮ್ಮ ಮತ್ತು ಶಾರದ ಬಂದದ್ದು ಈ ಟ್ರಯಲ್‌ಗೆ. ಒಡಹುಟ್ಟಿದ ಅಕ್ಕ-ತಂಗಿ. ಅಣ್ಣ-ತಮ್ಮಂದಿರಿಗೇ ಕೊಟ್ಟು ಮದುವೆ ಮಾಡಿದ್ದರಿಂದ ವಾರಗಿತ್ತಿಯರೂ ಹೌದು. ಇಬ್ಬರಿಗೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೆಲವು ವಂಶಗಳಲ್ಲಿ ಈ ಗುಣ ರಕ್ತದಲ್ಲೇ ಬಂದಿರುತ್ತದೆ. ದೇವೀರಮ್ಮ ಐವತ್ತು ದಾಟಿದ, ಮಾತಿಗೆ ಮುಂಚೆ ನಗುವ ಹೆಂಗಸು. ಶಾರದ ಅಕ್ಕನ ಬೆನ್ನ ಹಿಂದೆ ನಿಂತು, ಅಕ್ಕ ಉತ್ತರ ಕೊಟ್ಟ ಮೇಲೆ ಅದನ್ನೇ ಮೆಲ್ಲಗೆ ಇನ್ನೊಮ್ಮೆ ಹೇಳುವವಳು.

ಒಂದೇ ಮನೆಯ ಇಬ್ಬರನ್ನು ಸೇರಿಸಿಕೊಳ್ಳಬಾರದು ಎಂದು ನಿಯಮವಿತ್ತು. ಮಾತ್ರೆ ಅದಲುಬದಲಾದೀತೆಂಬ ಭಯ. ಅದಕ್ಕೆ ಕೇಳಿದೆ:

"ನೀವಿಬ್ಬರೂ ಒಂದೇ ಮನೆಯಲ್ಲಿದ್ದೀರಾ?"

"ಇಲ್ಲ ಮೇಡಂ," ಎಂದರು ದೇವೀರಮ್ಮ. "ಗಂಡಂದ್ರು ಪಾಲಾಗಿ ವರ್ಷಗಳಾದ್ವು. ಒಲೆ ಬೇರೆ, ರೇಷನ್ ಕಾರ್ಡ್ ಬೇರೆ. ಎಲ್ಲಾ ಬೇರೆ ಬೇರೆನೇ ಐತೆ."

ಅವರು ಸುಳ್ಳು ಹೇಳಲಿಲ್ಲ. ನಮ್ಮ ಸೀಮೆಯಲ್ಲಿ ಮನೆ ಎಂದರೆ ಒಲೆ. ಒಲೆ ಎರಡಾದ ದಿನ ಮನೆ ಎರಡಾಯಿತು. ಒಂದೇ ಸೂರಿನ ಕೆಳಗೆ ನಡುಗೋಡೆ ಎದ್ದಿತ್ತು, ಆದರೆ ದೇವರ ಕೋಣೆ ಮಾತ್ರ ಪಾಲಾಗದೆ ಇಬ್ಬರಿಗೂ ಸೇರಿ ಉಳಿದಿತ್ತು. ಅದು ಯಾವ ಪ್ರಶ್ನೆಯಲ್ಲೂ ಬರುವ ಸಂಗತಿಯಲ್ಲ.

ಒಪ್ಪಿಗೆ ಪಡೆಯುವ ಮೊದಲು ಎಲ್ಲವನ್ನೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಈ ಕೆಲಸದಲ್ಲಿ ನಾನು ಗಟ್ಟಿಗಿತ್ತಿ ಎಂದು ಡಾಕ್ಟರ್ ಪ್ರಸನ್ನ ನನ್ನನ್ನೇ ಕರೆಯುತ್ತಿದ್ದರು. ನಾನು ಹೇಳಿದೆ: "ಚೀಟಿ ಎತ್ತುತ್ತಾರಲ್ಲ, ಹಾಗೆ ಇದು. ಒಬ್ಬರಿಗೆ ನಿಜವಾದ ಮಾತ್ರೆ ಬರಬಹುದು, ಒಬ್ಬರಿಗೆ ಬರಿಯ ಮಾತ್ರೆ ಬರಬಹುದು. ಯಾರ ಕೈಯಲ್ಲೂ ಇಲ್ಲ. ನಿಮ್ಮ ಮಾತ್ರೆ ನೀವೇ ತಿನ್ನಬೇಕು, ಬೇರೆಯವರಿಗೆ ಕೊಡಬಾರದು."

ಶಾರದ ಮೊದಲ ಸಲ ತಾನಾಗಿ ಬಾಯಿಬಿಟ್ಟಳು. "ಬರೀ ಮಾತ್ರೆ ಬಂದೋರಿಗೆ ಆಮೇಲೆ ಬದಲಾಯಿಸಿ ಕೊಡಲ್ವಾ?"

"ಇಲ್ಲಮ್ಮ. ಒಂದು ವರ್ಷ ಅದೇ."

ಅಕ್ಕ-ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರ್ಥವಾಯಿತು ಎಂದುಕೊಂಡೆ. ಅವರಿಗೆ ನಿಜವಾಗಿಯೂ ಚೆನ್ನಾಗಿಯೇ ಅರ್ಥವಾಗಿತ್ತು.

ಭೇಟಿಗೆ ಬಂದಾಗಲೆಲ್ಲ ಬಾಟಲಿ ವಾಪಸ್ ತರಬೇಕು, ಉಳಿದ ಮಾತ್ರೆಗಳನ್ನು ನಾನು ಎಣಿಸಬೇಕು. ಈ ಎಣಿಕೆಯಲ್ಲಿ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೇಲೂರಿನ ಒಬ್ಬ ಅಂಗಡಿಯವರದು ಯಾವಾಗಲೂ ಹೆಚ್ಚು ಉಳಿದಿರುತ್ತಿತ್ತು, ಕೇಳಿದರೆ ಮದುವೆ, ಮುಂಜಿ ಎಂದು ಕಥೆ ಹೇಳುತ್ತಿದ್ದರು. ಹಳೇಬೀಡಿನ ಒಬ್ಬ ಮೇಷ್ಟ್ರು ಬಾಟಲಿಯನ್ನೇ ಬಸ್ಸಿನಲ್ಲಿ ಬಿಟ್ಟು ಬಂದಿದ್ದರು. ಈ ಅಕ್ಕ-ತಂಗಿಯರದು ಮಾತ್ರ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. "ಇವರನ್ನ ನೋಡಿ ಕಲೀರಿ" ಎಂದು ಆ ಅಂಗಡಿಯವರಿಗೆ ಎಲ್ಲರೆದುರೇ ಹೇಳಿದ್ದೆ. ದೇವೀರಮ್ಮ ನಾಚಿಕೊಂಡು ಸೆರಗು ಸರಿಮಾಡಿಕೊಂಡರು.

ಯುಗಾದಿ ಕಳೆದು ತಿಂಗಳಾಗಿತ್ತು. ಒಂದು ಸೋಮವಾರ ಬೆಳಿಗ್ಗೆ, ಹೊರರೋಗಿಗಳ ಸಾಲು ಇನ್ನೂ ಕರಗದ ಹೊತ್ತಿನಲ್ಲಿ, ಶಾರದಳನ್ನು ಆಟೋದಿಂದ ಎತ್ತಿಕೊಂಡೇ ಒಳಗೆ ತಂದರು. ಮಾತು ತೊದಲುತ್ತಿತ್ತು, ವಾಂತಿಯಾಗಿತ್ತು, ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚುತ್ತಿದ್ದಳು. ಜೊತೆಯಲ್ಲಿ ಅವಳ ಗಂಡ ಬಸವರಾಜು, ಮತ್ತೆ ದೇವೀರಮ್ಮ. ನಮ್ಮ ಕಡೆ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಟ್ಟು ಕೊಬ್ಬರಿ ಮಾಡುತ್ತಾರೆ. ಹಿಂದಿನ ದಿನ ಅಟ್ಟದಿಂದ ಇಳಿಯುವಾಗ ಅವಳ ತಲೆ ತೊಲೆಗೆ ಬಡಿದಿತ್ತು. ರಕ್ತ ಬಂದಿರಲಿಲ್ಲ. ತಲೆನೋವೆಂದು ಮಲಗಿದವಳು ಬೆಳಿಗ್ಗೆ ಸರಿಯಾಗಿ ಏಳಲಿಲ್ಲ.

ಸ್ಕ್ಯಾನ್‌ನಲ್ಲಿ ತಲೆಬುರುಡೆಯ ಒಳಗೆ, ಮೆದುಳಿನ ಮೇಲೆ ರಕ್ತ ಸೋರಿ ನಿಂತಿರುವುದು ಕಂಡಿತು. ಹಾಸನಕ್ಕೆ ಕಳಿಸಿ ಆಪರೇಷನ್ ಮಾಡಿಸದೆ ಬೇರೆ ದಾರಿಯಿರಲಿಲ್ಲ. ಡಾಕ್ಟರ್ ಪ್ರಸನ್ನ ಓಡುತ್ತಲೇ ನನ್ನ ಕೋಣೆಗೆ ಬಂದರು, ಆ ದಿನ ಚಪ್ಪಲಿಯ ಮಾತು ನಾನೂ ಎತ್ತಲಿಲ್ಲ.

"ವನಜಾ ಅವರೇ, ಕೋಡ್ ಒಡೀರಿ. ಅವಳು ತಿಂತಿರೋದು ಏನು ಅಂತ ಈಗಲೇ ಗೊತ್ತಾಗಬೇಕು."

ಕೋಡ್ ಒಡೆಯುವುದೆಂದರೆ, ಪ್ರಾಣಾಪಾಯದ ಹೊತ್ತಿನಲ್ಲಿ ಮಾತ್ರ ಒಬ್ಬ ರೋಗಿಗೆ ಸಿಕ್ಕಿರುವುದು ನಿಜವಾದ ಔಷಧವೋ ಅಲ್ಲವೋ ಎಂದು ಕಂಪ್ಯೂಟರನ್ನು ಕೇಳುವುದು. ಅಷ್ಟು ವರ್ಷಗಳ ಸರ್ವಿಸಿನಲ್ಲಿ ನಾನು ಅದನ್ನು ಮಾಡಿರಲಿಲ್ಲ. ನಿಜವಾದ ಔಷಧವೆಂದಾದರೆ, ರಕ್ತ ಮತ್ತೆ ಹೆಪ್ಪುಗಟ್ಟುವಂತೆ ಮಾಡುವ ಇಂಜೆಕ್ಷನ್ ಕೊಟ್ಟೇ ತಲೆ ತೆರೆಯಬೇಕು, ಇಲ್ಲವಾದರೆ ಟೇಬಲ್ ಮೇಲೆಯೇ ರಕ್ತ ನಿಲ್ಲುವುದಿಲ್ಲ. ತುಂಬ ದುಬಾರಿ ಔಷಧ ಅದು, ಎಲ್ಲ ಕಡೆ ಸಿಗುವುದಿಲ್ಲ. ಒಬ್ಬ ರೋಗಿಗೆ ಆಗುವಷ್ಟನ್ನು ಟ್ರಯಲ್‌ನವರು ನನ್ನ ಫ್ರಿಜ್‌ನಲ್ಲಿ ಇರಿಸಿದ್ದರು. ಆದರೆ ರಕ್ತ ತೆಳುವಾಗಿರದವರಿಗೆ, ಅದರಲ್ಲೂ ಹೆಪ್ಪುಗಟ್ಟುವ ಕಾಯಿಲೆಯೇ ಇರುವವರಿಗೆ ಅದನ್ನು ಚುಚ್ಚಿದರೆ ನಾವೇ ಕೈಯಾರೆ ಹೆಪ್ಪು ಕಟ್ಟಿಸಿ ಕೊಂದ ಹಾಗೆ.

ಶಾರದಳ ನಂಬರ್ ಒತ್ತಿದೆ. ಪರದೆಯ ಮೇಲೆ ಬಂತು: ಪ್ಲಸೀಬೊ.

"ಸರ್, ಬರಿಯ ಮಾತ್ರೆ."

"ಸದ್ಯ," ಎಂದು ಅವರು ಉಸಿರುಬಿಟ್ಟರು. ಆಂಬುಲೆನ್ಸ್ ಶಾರದಳನ್ನೂ ಬಸವರಾಜುವನ್ನೂ ಹತ್ತಿಸಿಕೊಂಡು ಹೊರಟಿತು. ಇಂಜೆಕ್ಷನ್ ಫ್ರಿಜ್‌ನಲ್ಲೇ ಉಳಿಯಿತು.

ಆಂಬುಲೆನ್ಸ್ ಗೇಟು ದಾಟಿದ ಸ್ವಲ್ಪ ಹೊತ್ತಿಗೆ ಲ್ಯಾಬಿನವರು ಶಾರದಳ ರಕ್ತದ ವರದಿ ತಂದುಕೊಟ್ಟರು. ರಕ್ತ ಹೆಪ್ಪುಗಟ್ಟಲು ತೆಗೆದುಕೊಳ್ಳುವ ಸಮಯ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಸಕ್ಕರೆ-ಸುಣ್ಣದ ಬರಿಯ ಮಾತ್ರೆ ತಿಂದವರಿಗೆ ಹೀಗಾಗುವುದಿಲ್ಲ. ಡಾಕ್ಟರ್ ಪ್ರಸನ್ನ ಹಾಸನಕ್ಕೆ ಫೋನ್ ಮಾಡಿದರು. ಅಲ್ಲಿನ ಸರ್ಜನ್ ಹೇಳಿದ್ದು ನನಗೂ ಕೇಳಿಸಿತು: "ನಿಮ್ಮ ಕೋಡ್ ಒಂದು ಹೇಳುತ್ತೆ, ರಕ್ತ ಇನ್ನೊಂದು ಹೇಳುತ್ತೆ. ನಾನು ಯಾವುದನ್ನ ನಂಬಿ ತಲೆ ತೆರೀಲಿ? ಆ ಇಂಜೆಕ್ಷನ್ ಬೇರೆ ಇವತ್ತು ನಮ್ಮಲ್ಲಿಲ್ಲ."

ನನಗೆ ಮೊದಲು ಹೊಳೆದದ್ದು, ನಾನೇ ಬೇರೆಯವರ ಬಾಟಲಿ ಕೊಟ್ಟುಬಿಟ್ಟೆನೇ ಎಂದು. ಕೋಣೆಗೆ ಓಡಿ ಎಲ್ಲ ನಂಬರ್ ತಾಳೆ ನೋಡಿದೆ. ಎಲ್ಲ ಸರಿಯಾಗಿತ್ತು. ಅವಳ ಬಾಟಲಿ ಅವಳಿಗೇ ಹೋಗಿತ್ತು. ಹಾಗಾದರೆ ಅವಳ ಬಾಯಿಗೆ ಹೋದದ್ದು ಏನು? ಅದನ್ನು ಹೇಳಬಲ್ಲವರು ಒಬ್ಬರೇ ಇದ್ದರು.

ದೇವೀರಮ್ಮ ಕಾರಿಡಾರಿನ ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಆಂಬುಲೆನ್ಸಿನಲ್ಲಿ ಜಾಗವಿಲ್ಲವೆಂದು ಬಿಟ್ಟುಹೋಗಿದ್ದರು. ನಾನು ಹೋಗಿ ಅವರ ಮುಂದೆ ನೆಲದ ಮೇಲೆಯೇ ಕುಕ್ಕರಗಾಲಲ್ಲಿ ಕೂತೆ.

"ದೇವೀರಮ್ಮ, ಶಾರದ ಏನು ತಿಂತಿದ್ಲು? ನಿಜ ಹೇಳಿ. ನಾನು ಬೈಯೋದಿಲ್ಲ, ಯಾರೂ ಬೈಯೋದಿಲ್ಲ. ಹೇಳದಿದ್ರೆ ಅವಳು ಉಳಿಯೋದಿಲ್ಲ."

ಅವರು ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ಮಾತು ಒಂದೇ ಸಮನೆ ಬಂತು.

"ನೀವೇ ಅಂದ್ರಲ್ಲ ಮೇಡಂ, ಒಬ್ರಿಗೆ ನಿಜವಾದ್ದು, ಒಬ್ರಿಗೆ ಬರೀದು, ಚೀಟಿ ಎತ್ತಿದಂಗೆ ಅಂತ. ಒಂದೇ ಸಲ ಎತ್ತಿ ವರ್ಷಗಟ್ಲೆ ಒಬ್ರಿಗೇ ಅನ್ನೋದು ಯಾವ ನ್ಯಾಯ? ಒಂದು ಬಾಳೆಹಣ್ಣು ಸಿಕ್ರೂ ಎರಡು ಮಾಡ್ಕೊಂಡು ತಿಂದೋರು ನಾವು. ಎರಡು ಬಾಟ್ಲೀನೂ ಒಂದು ಡಬ್ಬಿಗೆ ಸುರುದು ದೇವರ ಮುಂದೆ ಇಟ್ವಿ. ದಿನಾ ಬೆಳಿಗ್ಗೆ ದೀಪ ಹಚ್ಚಿ, ಕಣ್ಣು ಮುಚ್ಕೊಂಡು ಒಬ್ಬೊಬ್ರು ಒಂದೊಂದು ಎತ್ಕೊಳ್ಳೋದು. ಒಂದಿನ ಅವ್ಳಿಗೆ ಒಳ್ಳೇದು ಸಿಕ್ತದೆ, ಒಂದಿನ ನಂಗೆ. ಇಲ್ಲಿಗೆ ಬರೋ ಹಿಂದಿನ ದಿನ ಮತ್ತೆ ಸಮಸಮ ಬಾಟ್ಲಿಗೆ ತುಂಬ್ತಿದ್ವಿ."

ಎಣಿಕೆ ಸದಾ ಸರಿಯಾಗಿರುತ್ತಿದ್ದುದು ಅದಕ್ಕೆ. ನನಗೆ ಅಳಬೇಕೋ ಕೂಗಾಡಬೇಕೋ ತಿಳಿಯಲಿಲ್ಲ. ಇಷ್ಟು ದಿನದ ಟ್ರಯಲ್‌ನಲ್ಲಿ ನನ್ನ ವಿವರಣೆಯನ್ನು ಇವರಷ್ಟು ಮನಸ್ಸಿಟ್ಟು ಕೇಳಿದವರು ಇನ್ನೊಬ್ಬರಿರಲಿಲ್ಲ.

"ನಿನ್ನೆನೂ ಹಾಗೇ ಒಂದೊಂದು ತಗೊಂಡ್ರಾ?"

ದೇವೀರಮ್ಮ ಇಲ್ಲವೆಂದು ತಲೆಯಾಡಿಸಿದರು. "ಯುಗಾದಿ ಟೈಮಲ್ಲಿ ಅವ್ಳ ಕಾಲು ಮತ್ತೆ ಊದ್ತು. ಅವ್ಳಿಗೆ ಬರೀದೇ ಸಿಗ್ತಾ ಐತೇನೋ ಅಂತ ಹೆದ್ರಿಕೆ ಆಯ್ತು. ಅವತ್ತಿಂದ ನನ್ ಪಾಲಿಂದೂ ಅವ್ಳಿಗೇ ಕೊಟ್ಬಿಟ್ಟೆ. ದಿನಾ ಎರಡೂ ಅವ್ಳೇ. ನಿನ್ನೆನೂ ಎರಡು. ನಾನೇ ಕೊಂದ್ನಾ ಮೇಡಂ ಅವ್ಳನ್ನ?"

ಈಗ ಲೆಕ್ಕ ಸ್ಪಷ್ಟವಾಯಿತು. ಶಾರದಳ ಬಾಟಲಿಯದು ಬರಿಯ ಮಾತ್ರೆ ಎಂದು ಕಂಪ್ಯೂಟರ್ ಹೇಳಿದೆ. ಆದರೂ ಅವಳ ರಕ್ತ ತೆಳುವಾಗಿದೆ ಎಂದರೆ, ನಿಜವಾದ ಔಷಧ ಇದ್ದದ್ದು ಅಕ್ಕನ ಬಾಟಲಿಯಲ್ಲಿ. ಬೆರೆತ ಡಬ್ಬಿಯಿಂದ ದಿನಕ್ಕೆ ಎರಡು ತಿಂದವಳಿಗೆ ಹಿಂದಿನ ದಿನ ಒಂದಾದರೂ ನಿಜವಾದದ್ದು ಹೋಗಿಯೇ ಇತ್ತು, ಎರಡೂ ಹೋಗಿದ್ದರೂ ಹೋಗಿರಬಹುದು. ಡಾಕ್ಟರ್ ಪ್ರಸನ್ನರಿಗೆ ಹೇಳಿದೆ. ಅವರು ಹಾಸನಕ್ಕೆ ಫೋನ್ ಮಾಡಿ ಒಂದೇ ಮಾತು ಹೇಳಿದರು: "ಇಂಜೆಕ್ಷನ್ ಕಳಿಸ್ತಾ ಇದ್ದೀವಿ, ಅದು ಬರೋವರೆಗೆ ಮುಟ್ಟಬೇಡಿ." ಅವರು ವಾರ್ಡು ಬಿಟ್ಟು ಬರುವಂತಿರಲಿಲ್ಲ. ಹೊರಡಬೇಕಾದವಳು ನಾನು.

ಇನ್ನೊಂದು ಆಂಬುಲೆನ್ಸ್ ಬೇಲೂರಿಗೆ ಹೋಗಿತ್ತು. ಐಸ್ ಬಾಕ್ಸ್ ಹಿಡಿದು ರಸ್ತೆಗೆ ಬಂದರೆ ಕಂಡದ್ದು ಹಳೇಬೀಡಿನ ರಂಗಸ್ವಾಮಿಯ ಕಾರು. ರೈಲಿಳಿದು ಬರುವ ಪ್ರವಾಸಿಗರನ್ನು ಬೇಲೂರು, ಹಳೇಬೀಡಿಗೆ ಸುತ್ತಿಸುವುದು ಅವನ ಕಸುಬು. ಅವತ್ತೂ ಯಾರೋ ಬುಕ್ ಮಾಡಿದ್ದರು, ಅವರಿಗೇ ಕಾಯುತ್ತ ಟೀ ಕುಡಿಯುತ್ತಿದ್ದ. ನಾನು ಎರಡು ಮಾತಿನಲ್ಲಿ ಹೇಳಿದೆ.

"ಹತ್ತಿ ಮೇಡಂ," ಎಂದ ಲೋಟ ಇಟ್ಟು. "ದೇವಸ್ಥಾನ ಎಲ್ಲೂ ಓಡೋಗಲ್ಲ."

ಹಿಂದಿನ ಬಾಗಿಲು ತೆರೆಯುವಷ್ಟರಲ್ಲಿ ದೇವೀರಮ್ಮ ನನ್ನ ಬೆನ್ನಿಗೇ ಬಂದಿದ್ದರು. "ನಾನೂ ಬತ್ತೀನಿ. ಬ್ಯಾಡ ಅನ್ಬೇಡಿ." ವಾದಿಸುವ ಹೊತ್ತಲ್ಲ. ಹತ್ತಿಸಿಕೊಂಡೆ. ಅವರು ಐಸ್ ಬಾಕ್ಸನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ತೊಡೆಯ ಮೇಲೆ ಇಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡರು, ಅದರೊಳಗೆ ತಂಗಿಯ ಜೀವವೇ ಇದೆಯೆಂಬಂತೆ. ಇದ್ದದ್ದೂ ಹಾಗೆಯೇ.

ಹಾರನಹಳ್ಳಿ ದಾಟುವವರೆಗೂ ನಾನು ಫೋನಿನಲ್ಲೇ ಇದ್ದೆ. ಸರ್ಜನ್‌ಗೆ ಔಷಧದ ಪ್ರಮಾಣ, ಅದನ್ನು ಕಲಸುವ ಬಗೆ, ಎಷ್ಟು ನಿಧಾನವಾಗಿ ಕೊಡಬೇಕು ಎಂಬುದನ್ನೆಲ್ಲ ಓದಿ ಹೇಳುತ್ತಿದ್ದೆ. ಪಕ್ಕದಲ್ಲಿ ದೇವೀರಮ್ಮ ಏದುಸಿರು ಬಿಡುತ್ತಿದ್ದರು. ಹೆದರಿಕೆ ಎಂದುಕೊಂಡೆ. ಫೋನ್ ಇಟ್ಟು ಅವರ ಕಡೆ ತಿರುಗಿದೆ. ಹಣೆಯ ಮೇಲೆಲ್ಲ ಬೆವರು, ತುಟಿಗೆ ಬಣ್ಣವೇ ಇರಲಿಲ್ಲ. ಕಿಟಕಿ ಪೂರ್ತಿ ತೆರೆದಿದ್ದರೂ ಗಾಳಿ ಸಾಲದವರ ಹಾಗೆ ಬಾಯಿ ತೆರೆದು ಉಸಿರಾಡುತ್ತಿದ್ದರು.

ಆಗ ಹೊಳೆಯಿತು. ಶಾರದ ಎರಡು ಪಾಲು ತಿಂದಳು ಎಂದು ಕೇಳಿಸಿಕೊಂಡಿದ್ದೆ. ಹಾಗಾದರೆ ಇವರು?

"ದೇವೀರಮ್ಮ, ಯುಗಾದಿಯಿಂದ ನೀವು ಏನು ತಗೊಂಡ್ರಿ?"

"ನಂಗೇನಾಗಿತ್ತು ಮೇಡಂ? ನಾನು ಚೆನ್ನಾಗೇ ಇದ್ನಲ್ಲ."

ಬಗ್ಗಿ ಸೀರೆಯ ಅಂಚು ಸರಿಸಿ ನೋಡಿದೆ. ಬಲಗಾಲಿನ ಮೀನಖಂಡ ಎಡಗಾಲಿಗಿಂತ ದಪ್ಪವಾಗಿ ಬಿಗಿದುಕೊಂಡಿತ್ತು. ಒತ್ತಿದರೆ ಬೆರಳಿನ ಗುಳಿ ಹಾಗೇ ನಿಂತಿತು. "ಬೆಳಿಗ್ಗೆಯಿಂದ ಓಡಾಡಿದ್ದಕ್ಕೆ ಇರ್ಬೇಕು," ಎಂದರು. "ಉಸಿರು ಯಾವಾಗಿಂದ ಹೀಗಿದೆ?" ಎಂದೆ. "ನಿನ್ನೆ ಸಂಜೆಯಿಂದ. ಅವ್ಳ ಗಡಿಬಿಡೀಲಿ ಹೇಳ್ಕೊಳ್ಳಕ್ಕಾಗ್ಲಿಲ್ಲ."

ಅವರ ಕಾಲಿನ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿತ್ತು. ಕಾರಿನಲ್ಲಿ ಇದ್ದದ್ದು ಒಂದೇ ಔಷಧ, ಅದು ಅವರ ತೊಡೆಯ ಮೇಲೆಯೇ ಇತ್ತು, ಅವರಿಗೆ ಅದು ವಿಷ. ತಂಗಿಗೆ ರಕ್ತ ಹೆಪ್ಪುಗಟ್ಟಬೇಕು, ಅಕ್ಕನಿಗೆ ಹೆಪ್ಪು ಕರಗಬೇಕು. ನಾನು ಜೀವನವಿಡೀ ಔಷಧಗಳ ನಡುವೆ ಬದುಕಿದವಳು. ಆ ರಸ್ತೆಯ ಮೇಲೆ ಆ ಹೆಂಗಸಿಗೆ ಕೊಡಲು ನನ್ನ ಬಳಿ ಒಂದು ಆಸ್ಪಿರಿನ್ ಮಾತ್ರೆಯೂ ಇರಲಿಲ್ಲ.

ರಂಗಸ್ವಾಮಿ ಕನ್ನಡಿಯಲ್ಲಿ ನೋಡಿದ. "ದುದ್ದದಲ್ಲಿ ಆಸ್ಪತ್ರೆ ಐತೆ ಮೇಡಂ, ನಿಲ್ಲಿಸ್ಲಾ?"

ನಿಲ್ಲಿಸಿದರೆ ಅಲ್ಲಿ ಆಕ್ಸಿಜನ್ ಸಿಗಬಹುದು, ಬೇಕಾದ ಇಂಜೆಕ್ಷನ್ ಸಿಗುವ ಖಾತ್ರಿಯಿಲ್ಲ. ನಿಲ್ಲಿಸಿದಷ್ಟು ಹೊತ್ತೂ ಶಾರದಳ ಮೆದುಳಿನ ಮೇಲೆ ರಕ್ತ ಸೋರುತ್ತಿರುತ್ತದೆ. ನಾನು ಬಾಯಿ ತೆರೆಯುವ ಮೊದಲೇ ದೇವೀರಮ್ಮ ಮುಂದಿನ ಸೀಟನ್ನು ಕೈಯಿಂದ ತಟ್ಟಿದರು. "ನಿಲ್ಲಿಸ್ಬೇಡ ಕಣಪ್ಪ. ನಡಿ ನಡಿ."

ಡಾಕ್ಟರ್ ಪ್ರಸನ್ನರಿಗೆ ಫೋನ್ ಮಾಡಿದೆ. ಅವರು ಹಾಸನಕ್ಕೆ ತಿಳಿಸಿದರು: ಒಬ್ಬಳಲ್ಲ, ಇಬ್ಬರು ಬರುತ್ತಿದ್ದಾರೆ, ಇಬ್ಬರಿಗೂ ಬೇಕಾದ್ದು ತದ್ವಿರುದ್ಧ. ನಾನು ದೇವೀರಮ್ಮನ ತಲೆಯನ್ನು ನನ್ನ ಹೆಗಲಿಗೆ ಆನಿಸಿಕೊಂಡೆ. ಬಾಕ್ಸ್ ತೆಗೆದುಕೊಳ್ಳಲು ಹೋದರೆ ಬಿಡಲಿಲ್ಲ.

"ನಿಜವಾದ್ದು ಯಾರ್ ಬಾಟ್ಲೀಲಿ ಇತ್ತು ಮೇಡಂ?"

ಟ್ರಯಲ್ ಮುಗಿಯುವವರೆಗೆ ಆ ಪ್ರಶ್ನೆಗೆ ಉತ್ತರ ಕೊಡಬಾರದು. ಅಷ್ಟು ವರ್ಷ ಎಷ್ಟೋ ಜನ ಬೇಡಿಕೊಂಡು ಕೇಳಿದಾಗಲೂ ನಾನು ಕೊಟ್ಟಿರಲಿಲ್ಲ.

"ನಿಮ್ಮದರಲ್ಲಿ," ಎಂದೆ.

ಅವರು ಕಣ್ಣು ಮುಚ್ಚಿದರು. "ಹಂಗಾದ್ರೆ ಅವ್ಳಿಗೆ ಸಿಕ್ತಲ್ಲ," ಎಂದರು. ಆಮೇಲೆ ಉಸಿರು ಎಳೆದುಕೊಂಡು, "ಅದ್ರಿಂದ್ಲೇ ಹಿಂಗಾಯ್ತಾ?"

"ಇಲ್ಲ. ತಲೆ ತೊಲೆಗೆ ಬಡಿದಿದ್ದಕ್ಕೆ ಆಯ್ತು."

ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮತ್ತೆ ಕೇಳಿದರೂ ನಾನು ಅದನ್ನೇ ಹೇಳುತ್ತೇನೆ.

ಹಾಸನದಲ್ಲಿ ಬಾಗಿಲಲ್ಲೇ ಬಾಕ್ಸ್‌ಗಾಗಿ ನರ್ಸ್ ಒಬ್ಬರು ನಿಂತಿದ್ದರು, ದೇವೀರಮ್ಮನಿಗೆ ಸ್ಟ್ರೆಚರ್ ಸಿದ್ಧವಿತ್ತು. ಅವರು ಬಾಕ್ಸನ್ನು ಕೈಯಾರೆ ನರ್ಸ್‌ಗೆ ಕೊಟ್ಟ ಮೇಲೆಯೇ ಮಲಗಿದ್ದು. ಔಷಧ ಕಲಸಲು ನಾನು ಒಳಗೆ ಹೋದೆ. ಅದು ಪುಡಿಯ ರೂಪದಲ್ಲಿರುತ್ತದೆ, ನೀರು ಬೆರೆಸಿ ಅಲುಗಿಸದೆ ಮೆಲ್ಲಗೆ ತಿರುಗಿಸುತ್ತ ಕರಗಿಸಬೇಕು, ಅವಸರ ಮಾಡಿದರೆ ನೊರೆಯೆದ್ದು ಹಾಳಾಗುತ್ತದೆ. ಬಸವರಾಜು ಬಾಗಿಲ ಗಾಜಿಗೆ ಮುಖವೊತ್ತಿ ನನ್ನ ಕೈಯನ್ನೇ ನೋಡುತ್ತಿದ್ದ. ಜಗತ್ತಿನಲ್ಲಿ ಇನ್ನೇನೂ ಇಲ್ಲವೆಂಬಂತೆ ನಾನು ಆ ಬಾಟಲಿಯನ್ನು ತಿರುಗಿಸುತ್ತಿದ್ದೆ.

ಶಾರದಳ ಆಪರೇಷನ್ ಆಯಿತು. ರಕ್ತ ನಿಂತಿತು. ಸಂಜೆಯ ಹೊತ್ತಿಗೆ ಅಕ್ಕ-ತಂಗಿ ಐಸಿಯುನಲ್ಲಿ ಎರಡು ಮಂಚ ಆಚೆ ಈಚೆ ಮಲಗಿದ್ದರು. ಒಬ್ಬಳ ನರಕ್ಕೆ ರಕ್ತ ಹೆಪ್ಪುಗಟ್ಟಿಸುವ ಔಷಧ ಹೋಗಿತ್ತು, ಇನ್ನೊಬ್ಬರ ನರಕ್ಕೆ ಹೆಪ್ಪಾಗದಂತೆ ತಡೆಯುವ ಔಷಧ ಇಳಿಯುತ್ತಿತ್ತು. ದೇವೀರಮ್ಮನಿಗೆ ಎಚ್ಚರವಿತ್ತು. ಮಾಸ್ಕ್ ಸರಿಸಿ ಕೇಳಿದ್ದು ಒಂದೇ: "ಅವ್ಳು ಎದ್ಲಾ?"

"ಎದ್ದೇಳ್ತಾಳೆ. ಡಾಕ್ಟರು ಹೇಳಿದ್ದಾರೆ."

"ಎದ್ರೆ ಬೈಬೇಡಿ ಮೇಡಂ ಅವ್ಳಿಗೆ. ಡಬ್ಬಿ ಐಡಿಯಾ ನಂದೇ."

ಮಾರನೆಯ ದಿನ ಮಧ್ಯಾಹ್ನ ಇನ್ನೊಂದು ಹೆಪ್ಪು ಶ್ವಾಸಕೋಶಕ್ಕೆ ಹೋಗಿ ದೇವೀರಮ್ಮ ತೀರಿಕೊಂಡರು. ಶಾರದ ಆಗಿನ್ನೂ ಕಣ್ಣು ತೆರೆದಿರಲಿಲ್ಲ. ನಾನು ಆಸ್ಪತ್ರೆಯ ಹಿಂಭಾಗದ ಕ್ಯಾಂಟೀನಿನ ಕೈ ತೊಳೆಯುವ ಜಾಗದಲ್ಲಿ ನಲ್ಲಿ ಬಿಟ್ಟುಕೊಂಡು ಜೋರಾಗಿ ಅತ್ತೆ. ಹಾಗೆ ಅತ್ತದ್ದು ನಮ್ಮಪ್ಪ ಸತ್ತಾಗ ಒಂದು ಸಲ, ಆಮೇಲೆ ಇದೇ.

ಇಂಥ ಪ್ರಸಂಗದ ವರದಿ ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಗೂ ಟ್ರಯಲ್‌ನವರಿಗೂ ಹೋಗಬೇಕು. ಬರೆದೆ. ಕಾರಣ ಎಂಬ ಕಡೆ "ಇಬ್ಬರೂ ಔಷಧವನ್ನು ಬೆರೆಸಿ ಹಂಚಿಕೊಂಡಿದ್ದಾರೆ, ನಿಯಮ ಉಲ್ಲಂಘನೆ" ಎಂದು ಬರೆಯಬೇಕಾಗಿತ್ತು. ಅದನ್ನೂ ಬರೆದೆ. ಅದು ತಪ್ಪು ವಾಕ್ಯವಲ್ಲ. ಆದರೆ ಓದಿದವರ ಕಣ್ಣಿಗೆ ಯಾರೋ ಇಬ್ಬರು ತಿಳಿಗೇಡಿಗಳು ಕಾಣುತ್ತಾರೆ. ನನಗೆ ಕಾಣುತ್ತಿದ್ದದ್ದು ಪಾಲಾಗದ ಒಂದು ದೇವರ ಕೋಣೆ, ದೀಪದ ಮುಂದೆ ಕಣ್ಣು ಮುಚ್ಚಿ ಡಬ್ಬಿಗೆ ಕೈ ಹಾಕುವ ಇಬ್ಬರು.

ಆಮೇಲೆ ನಾನು ಚೀಟಿಯ ಹೋಲಿಕೆ ಬಿಟ್ಟೆ. ಮಾತ್ರೆ ಸರಿಯಾಗಿ ತಿಂದಿರಾ ಎಂದು ಈಗಲೂ ಕೇಳುತ್ತೇನೆ, ಎಣಿಸುತ್ತೇನೆ. ಅದಕ್ಕಿಂತ ಮುಂಚೆ ಇನ್ನೊಂದು ಕೇಳುತ್ತೇನೆ: ಮನೆಯಲ್ಲಿ, ಅಕ್ಕಪಕ್ಕದಲ್ಲಿ, ನಿಮಗೆ ಬೇಕಾದವರಲ್ಲಿ ಬೇರೆ ಯಾರಿಗೆ ಹುಷಾರಿಲ್ಲ? ಒಳ್ಳೆಯದೆಂದು ನಂಬಿದ ಔಷಧವನ್ನು ಜನ ತಮ್ಮ ಹೊಟ್ಟೆಗೆ ಮಾತ್ರ ಹಾಕಿಕೊಂಡು ಸುಮ್ಮನಿರುವುದಿಲ್ಲ ಎಂಬುದನ್ನು ನನಗೆ ಯಾವ ಕಾಲೇಜೂ ಹೇಳಿಕೊಟ್ಟಿರಲಿಲ್ಲ. ಯಾರಾದರೂ ಹೆಚ್ಚು ತಿಂದರು ಎಂದು ತಿಳಿದರೆ, ಹಾಗಾದರೆ ತಿನ್ನದೆ ಉಳಿದವರು ಯಾರು ಎಂದು ಆ ಕ್ಷಣವೇ ಹುಡುಕುತ್ತೇನೆ.

ಶ್ರಾವಣದಲ್ಲಿ ಶಾರದ ಬಂದಳು. ಎಡಗೈ ಇನ್ನೂ ಸ್ವಾಧೀನಕ್ಕೆ ಬಂದಿರಲಿಲ್ಲ, ಮಾತು ನಿಧಾನ. ಬಸವರಾಜು ಹೊರಗೆ ಕೂತ. ಉಳಿದ ಮಾತ್ರೆಗಳನ್ನು ವಾಪಸ್ ಕೊಡಬೇಕೆಂದು ಡಾಕ್ಟರ್ ಹೇಳಿ ಕಳಿಸಿದ್ದರು. ಸೆರಗಿನೊಳಗಿಂದ ಒಂದು ಸಣ್ಣ ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಮುಚ್ಚಳದ ಮೇಲೆ ಅರಿಸಿನ-ಕುಂಕುಮ ಹಾಗೇ ಇತ್ತು. ಇಷ್ಟು ವರ್ಷ ಅಕ್ಕ ಹೇಳಿದ್ದನ್ನು ಹಿಂದಿನಿಂದ ಹೇಳುತ್ತಿದ್ದವಳು, ಈಗ ಮಾತನ್ನು ತಾನೇ ಶುರುಮಾಡಿದಳು.

"ಇದ್ರಲ್ಲಿ ಅಕ್ಕಂದು ಯಾವ್ದು ಅಂತ ಹೇಳ್ತೀರಾ ಮೇಡಂ?"

ಡಬ್ಬಿ ತೆರೆದು ನೋಡಿದೆ. ಎಲ್ಲವೂ ಒಂದೇ ಬಿಳಿ, ಒಂದೇ ಗುಂಡು. ಯಾರಿಗೂ ಗುರುತು ಸಿಗಬಾರದೆಂದೇ ಅವನ್ನು ಹಾಗೆ ಮಾಡಿರುತ್ತಾರೆ.

"ನನಗೂ ಗೊತ್ತಾಗೋದಿಲ್ಲ ಶಾರದ."

"ಹಂಗಾದ್ರೆ ಎಲ್ಲಾ ಇಬ್ರದೂ ಅಂತ ಬರ್ಕೊಳ್ಳಿ."

ವಾಪಸ್ ಬಂದ ಮಾತ್ರೆಗಳನ್ನು ಪೊಟ್ಟಣದಲ್ಲಿ ಸೀಲ್ ಮಾಡಿ ಮೇಲೆ ರೋಗಿಯ ನಂಬರ್ ಬರೆಯಬೇಕು. ಒಂದು ಪೊಟ್ಟಣಕ್ಕೆ ಒಂದೇ ನಂಬರ್ ಎಂಬುದು ನಿಯಮ. ನಾನು ದೇವೀರಮ್ಮನದನ್ನು ಬರೆದೆ, ಅದರ ಪಕ್ಕದಲ್ಲಿ ಶಾರದಳದನ್ನೂ ಬರೆದೆ. ಖಾಲಿ ಡಬ್ಬಿಯನ್ನು ಅವಳಿಗೇ ವಾಪಸ್ ಕೊಟ್ಟೆ.